ರೆಕ್ಕೆ ನಂಬ್ತೀನಿ, ಆ ಬಯಾಲಜಿ ಮೇಷ್ಟ್ರನ್ನ ನಂಬಲ್ಲ

"ನೀವು ಸೈನ್ಸ್ ಟೀಚರ್ ಅಲ್ವಾ? ಇಂಥದ್ದನ್ನೆಲ್ಲ ನಂಬ್ತೀರಾ?"

ಇಂಥದ್ದು ಅಂದರೆ ದೇವದೂತರ ಪ್ರೇಮಕಥೆ. ಸ್ವರ್ಗದಿಂದ ಹೊರಗೆ ಹಾಕಿಸಿಕೊಂಡ ರೆಕ್ಕೆಯ ಹುಡುಗ, ಅವನ ಗುಟ್ಟು ಗೊತ್ತಿಲ್ಲದ ಒಬ್ಬಳು ಹುಡುಗಿ, ಇಬ್ಬರ ಮಧ್ಯೆ ಸಾವಿರಾರು ವರ್ಷದ ಹಳೇ ಜಗಳ. ಅಕ್ಕಪಕ್ಕದಲ್ಲಿ ರಕ್ತ ಕುಡಿಯುವವರು, ಹುಣ್ಣಿಮೆಗೆ ತೋಳವಾಗುವವರು. ಪ್ಯಾರಾನಾರ್ಮಲ್ ರೊಮ್ಯಾನ್ಸ್ ಅಂತಾರೆ ಇದಕ್ಕೆ. ನನಗೆ ಶಾಲೆ ಮಂಡ್ಯದಲ್ಲಿ, ಮನೆ ಮೈಸೂರಲ್ಲಿ. ಓದುವುದೆಲ್ಲ ರೈಲಲ್ಲೇ. ಪುಸ್ತಕ ಬಿಚ್ಚಿದರೆ ಮುಖಪುಟ ಎದುರು ಸೀಟಿನವರ ಕಡೆಗಿರುತ್ತದೆ. ಅಂಗಿ ಇಲ್ಲದ ಬೆನ್ನು, ಕಪ್ಪು ರೆಕ್ಕೆ. ಅಲ್ಲಿಂದ ಶುರು.

ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ.

ಇಲ್ಲ, ನಂಬಲ್ಲ. ಸಾಕಾ? ಸಾಕಾಗಲ್ಲ ಅಂತ ಗೊತ್ತು. ನಂಬದಿದ್ದರೆ ಯಾಕೆ ಓದ್ತೀರಿ ಅನ್ನೋದು ಮುಂದಿನ ಪ್ರಶ್ನೆ. ರಾತ್ರಿ ಸೊಸೆ ಹಾವಾಗುವ ಧಾರಾವಾಹಿ ನೋಡುತ್ತಾ ಮುದ್ದೆ ಮುರಿದವರೇ ಬೆಳಿಗ್ಗೆ ನನ್ನ ಕೈಲಿರುವ ಪುಸ್ತಕ ನೋಡಿ ಮೂಗೆಳೆಯುತ್ತಾರೆ. ಅವರನ್ನು ಯಾರೂ ಕೇಳಲ್ಲ. ಗಂಡಸರು ಪತ್ತೇದಾರಿ ಓದಿದರೆ ಟೈಂಪಾಸ್. ಹೆಂಗಸು ಪ್ರೇಮಕಥೆ ಓದಿದರೆ ಮನೆಯಲ್ಲೇನೋ ಕೊರತೆ ಇರಬೇಕು ಅನ್ನೋ ಲೆಕ್ಕ.

ಈ ಲೆಕ್ಕ ಊರ ತುಂಬ ಆದದ್ದು ಒಂದು ಬೀಗರೂಟದಲ್ಲಿ. ಮಂಡ್ಯ ಕಡೆಯ ಬೀಗರೂಟ ನೋಡಿದವರಿಗೆ ಹೇಳಬೇಕಾಗಿಲ್ಲ. ಮದುವೆಯ ಸಸ್ಯಾಹಾರಕ್ಕೆಲ್ಲ ಸೇಡು ತೀರಿಸಿಕೊಳ್ಳುವ ದಿನ ಅದು. ಉದ್ದಕ್ಕೆ ಪಂಕ್ತಿ, ಎಲೆ ಮೇಲೆ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಬಡಿಸುವವರು ಓಡಾಡುತ್ತಲೇ ಮಾತಾಡಬೇಕು, ಹಾಗಾಗಿ ಎಲ್ಲ ಮಾತೂ ಕೂಗಿನಲ್ಲೇ. ನಮ್ಮ ಅತ್ತೆ ಕಡೆಯ ಒಬ್ಬರು ಮೂರು ಎಲೆ ಆಚೆಯಿಂದ ಕೂಗಿದರು: "ಏನವ್ವ, ರೆಕ್ಕೆ ಇರೋ ಗಂಡುಸ್ರು ಕತೆ ಓದ್ತೀಯಂತೆ! ಮಕ್ಳಿಗೆ ಸೈನ್ಸ್ ಹೇಳ್ಕೊಡೋಳು, ಅದ್ನೆಲ್ಲ ನಂಬ್ತೀಯಾ?"

ಪಂಕ್ತಿ ಪೂರ್ತಿ ತಿರುಗಿತು. ನಾನು ಬಾಯಿಬಿಡುವ ಮೊದಲೇ ಕೋಳಿ ಫ್ರೈ ಬಕೆಟ್ ಹಿಡಿದ ಹುಡುಗ ಒಂದು ತುಂಡು ಹುಡುಕಿ ತೆಗೆದು ನನ್ನ ಎಲೆಗೆ ಹಾಕಿದ. "ತಗಳ್ಳಿ ಮಿಸ್, ರೆಕ್ಕೆ." ನನ್ನ ಹಳೇ ವಿದ್ಯಾರ್ಥಿ ಅವನು. ನಗು ಅಡುಗೆಮನೆ ತನಕ ಹೋಯಿತು. ಇನ್ನೊಬ್ಬರು ನನ್ನ ಯಜಮಾನರ ಕಡೆ ತಿರುಗಿ "ನಿನ್ ರೆಕ್ಕೆ ಎಲ್ಲಪ್ಪಾ?" ಅಂದರು. ಅವರು ಮುದ್ದೆಯಿಂದ ತಲೆ ಎತ್ತದೆ, "ಮದ್ವೆ ದಿನವೇ ಕಿತ್ಕೊಂಡ್ಲು" ಅಂದರು. ಆ ಮನುಷ್ಯ ನನ್ನ ಪುಸ್ತಕಗಳ ಒಂದು ಪುಟವನ್ನೂ ಓದಿಲ್ಲ. ಆದರೂ ಅವತ್ತು ಚಪ್ಪಾಳೆ ಅವರಿಗೇ.

ಆ ಕೋಳಿ ತುಂಡು ಎಲೆ ಮೇಲೆ ನೋಡುತ್ತಾ ನನಗೆ ಅನ್ನಿಸಿದ್ದು ಇಷ್ಟೇ. ನಂಬ್ತೀಯಾ ಅಂತ ಕೇಳಿದ ಆ ಯಮ್ಮನಿಗಿಂತ ಈ ರೆಕ್ಕೆಯ ತೊಂದರೆ ನನಗೇ ಜಾಸ್ತಿ ಗೊತ್ತು. ಕೋಳಿಯ ರೆಕ್ಕೆ ಅಂದರೆ ಅದರ ಮುಂಗಾಲು, ನಮ್ಮ ಕೈ ಇದ್ದ ಹಾಗೆ. ಮೂಳೆ ಬಿಡಿಸಿ ನೋಡಿ. ತೋಳಿಗೆ ಒಂದು, ಮುಂದೋಳಿಗೆ ಎರಡು, ತುದಿಯಲ್ಲಿ ಬೆರಳು ಕೂಡಿಕೊಂಡ ಗುರುತು. ಬೆನ್ನುಮೂಳೆ ಇರುವ ಪ್ರಾಣಿಗೆ ಕೈಕಾಲು ಸೇರಿ ಹೆಚ್ಚೆಂದರೆ ನಾಲ್ಕೇ. ನಮ್ಮ ಮುಖಪುಟದ ಹೀರೋಗೆ ಎರಡು ಕೈ, ಎರಡು ಕಾಲು, ಮೇಲೆ ಎರಡು ರೆಕ್ಕೆ. ಆರಾಯಿತು. ಆರು ಕಾಲಿನ ಲೆಕ್ಕ ಜಿರಳೆಯದ್ದು. ಇನ್ನು ಹಾರುವ ಮಾಂಸಖಂಡ ಇರುವುದು ಎದೆಯಲ್ಲಿ. ಅದು ಹಿಡಿದುಕೊಳ್ಳಲು ಹಕ್ಕಿಯ ಎದೆಮೂಳೆ ದೋಣಿಯ ತಳದ ಹಾಗೆ ಮುಂದಕ್ಕೆ ಚಾಚಿರುತ್ತದೆ. ಅಂದರೆ ನಿಜವಾಗಿ ಹಾರುವ ದೇವದೂತನಿಗೆ ಆ ಸಿಕ್ಸ್ ಪ್ಯಾಕ್ ಇರಲ್ಲ. ಪಾರಿವಾಳದ ಎದೆ ಇರುತ್ತದೆ. ಮುಖಪುಟಕ್ಕೆ ಹಾಕಿದರೆ ಒಂದು ಪ್ರತಿಯೂ ಖರ್ಚಾಗಲ್ಲ.

ತೂಕವನ್ನೂ ಹೇಳಿಬಿಡುತ್ತೇನೆ. ಹಾರುವ ಹಕ್ಕಿಗಳಲ್ಲಿ ತುಂಬಾ ಭಾರದ್ದು ಅನ್ನುವ ಆಫ್ರಿಕಾದ ಕೋರಿ ಬಸ್ಟರ್ಡ್‌ನ ಗಂಡು ಸುಮಾರು 18 ಕೆಜಿ. ಅಷ್ಟಕ್ಕೇ ಅದು ನೆಲ ಬಿಡೋಕೆ ಒದ್ದಾಡುತ್ತದೆ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಮಕ್ಕಳನ್ನು ಕರಕೊಂಡು ಹೋದಾಗ ಹೆಜ್ಜಾರ್ಲೆ ಗೂಡಿಗೆ ಇಳಿಯುವುದನ್ನು ನಿಂತು ನೋಡಿದ್ದೇವೆ. 5 ಕೆಜಿ ಆಸುಪಾಸಿನ ಹಕ್ಕಿ. ಕಾಲು ಮುಂದೆ ಚಾಚಿ, ರೆಕ್ಕೆ ಪೂರ್ತಿ ಬಿಚ್ಚಿ ಗಾಳಿಗೆ ಬ್ರೇಕ್ ಹಾಕುತ್ತದೆ. ಆದರೂ ಕೊಂಬೆ ತೂಗಾಡಿ, ಕಡ್ಡಿ ಉದುರಿ, ಪಕ್ಕದ ಗೂಡಿನವರೆಲ್ಲ ಕಿರುಚುತ್ತಾರೆ. ಕಾದಂಬರಿಯಲ್ಲಿ 80 ಕೆಜಿಯ ಹುಡುಗ ಮಧ್ಯರಾತ್ರಿ ಹುಡುಗಿಯ ಕಿಟಕಿ ಮೇಲೆ ಸದ್ದಿಲ್ಲದೆ ಕೂರುತ್ತಾನೆ. ನಮ್ಮ ಬೀದಿಯಾಗಿದ್ದರೆ ಅವನು ಕೂರುವ ಮೊದಲೇ ನಾಯಿಗಳು ಏರಿಯಾ ಎಬ್ಬಿಸುತ್ತಿದ್ದವು.

ಇಷ್ಟೆಲ್ಲ ಗೊತ್ತಿದ್ದೂ ಓದುತ್ತೇನೆ. ರೆಕ್ಕೆ ಬರುವಲ್ಲಿ ನನಗೆ ಒಂದು ನಿಮಿಷವೂ ಅಡ್ಡಿಯಾಗಲ್ಲ. ಅದು ಆಟದ ನಿಯಮ, ಒಪ್ಪಿಕೊಂಡೇ ಪುಸ್ತಕ ಕೈಗೆ ತಗೊಂಡಿರುತ್ತೇನೆ. ನೀವು ಕೇಳಬೇಕಾದ್ದು ನಂಬ್ತೀಯಾ ಅಂತ ಅಲ್ಲ. ಎಲ್ಲಿಗೆ ಬಂದಾಗ ನಂಬೋಕಾಗಲಿಲ್ಲ ಅಂತ ಕೇಳಿ. ಅದಕ್ಕಾದರೆ ನನ್ನ ಹತ್ತಿರ ಉತ್ತರ ಇದೆ.

2009ರಲ್ಲಿ ಬೆಕಾ ಫಿಟ್ಜ್‌ಪ್ಯಾಟ್ರಿಕ್ ಬರೆದ 'ಹಶ್, ಹಶ್' ಅಂತ ಒಂದು ಕಾದಂಬರಿ ಬಂತು. ದೇವದೂತರ ಪ್ರೇಮಕಥೆಗಳು ಸಾಲಾಗಿ ಬಂದ ವರ್ಷ ಅದು. ಅಮೆರಿಕದ ಒಂದು ಹೈಸ್ಕೂಲು, ಬಯಾಲಜಿ ಕ್ಲಾಸು. ಮೇಷ್ಟ್ರು ಹುಡುಗ ಹುಡುಗಿಯರ ಜಾಗ ಬದಲಿಸಿ ನೋರಾ ಅನ್ನುವ ಹುಡುಗಿಯ ಪಕ್ಕಕ್ಕೆ ಪ್ಯಾಚ್ ಅನ್ನುವವನನ್ನು ತಂದು ಕೂರಿಸುತ್ತಾರೆ. ಅವನು ಸ್ವರ್ಗದಿಂದ ಬಿದ್ದ ದೇವದೂತ. ಮೊದಮೊದಲು ಅವಳನ್ನು ಕೊಲ್ಲುವ ಯೋಚನೆಯಲ್ಲೇ ಇರುವವನು. ಅವಳಿಗೆ ಅದು ಗೊತ್ತಿಲ್ಲ, ಆದರೆ ಅವನ ಮಾತು, ನೋಟ ಹಿಡಿಸಲ್ಲ. ಮೇಷ್ಟ್ರ ಹತ್ತಿರ ಹೋಗಿ ಜಾಗ ಬದಲಿಸಿಕೊಡಿ ಅಂತ ಕೇಳುತ್ತಾಳೆ. ಮೇಷ್ಟ್ರು ಒಪ್ಪಲ್ಲ.

ನಾನು ಪುಸ್ತಕ ಮುಚ್ಚಿದೆ. ರೈಲು ಎಲಿಯೂರಲ್ಲಿ ನಿಂತಿತ್ತು. ದೇವದೂತ ಸರಿ, ಶಾಪ ಸರಿ, ಬೆನ್ನ ಮೇಲೆ ರೆಕ್ಕೆ ಇದ್ದ ಜಾಗದ ಗಾಯದ ಗುರುತೂ ಸರಿ. ಆದರೆ ಪಕ್ಕದ ಹುಡುಗನಿಂದ ಹಿಂಸೆ ಆಗ್ತಿದೆ ಅಂತ ಹುಡುಗಿ ಬಂದು ಹೇಳಿದಾಗ ಜಾಗ ಬದಲಿಸದ ಬಯಾಲಜಿ ಮೇಷ್ಟ್ರು? ನಾನಾಗಿದ್ದರೆ ಅವತ್ತೇ ಅವನನ್ನು ಮುಂದಿನ ಬೆಂಚಿಗೆ, ನನ್ನ ಮೇಜಿನ ಎದುರಿಗೆ ತರುತ್ತಿದ್ದೆ. ಅವನ ಮನೆಯವರನ್ನು ಕರೆಸಿ ಅಂತ ಹೆಡ್‌ಮಾಸ್ಟರಿಗೆ ಹೇಳುತ್ತಿದ್ದೆ. ಮನೆಯವರು ಸ್ವರ್ಗದಲ್ಲಿದ್ದರೆ ಅದು ಅವರ ತಾಪತ್ರಯ. ಆಮೇಲೆ ಬ್ಯಾದರಹಳ್ಳಿ ಹೊತ್ತಿಗೆ ಮತ್ತೆ ತೆಗೆದು ಓದಿದೆ, ಪೂರ್ತಿ ಮುಗಿಸಿದೆ, ಅದು ಬೇರೆ ಮಾತು. ಆ ಪುಸ್ತಕಕ್ಕೆ ತುಂಬಾ ಓದುಗರು ಬೈದದ್ದೂ ಇಲ್ಲಿಗೇ. ಹೆದರಿಸುವವನನ್ನೇ ಪ್ರೇಮಿ ಅಂತ ತೋರಿಸ್ತೀರಾ ಅಂತ. ರೆಕ್ಕೆ ಹೇಗೆ ಬಂತು ಅಂತ ಬೈದವರನ್ನು ನಾನಂತೂ ನೋಡಿಲ್ಲ.

2005ರ 'ಟ್ವೈಲೈಟ್' ಕಾದಂಬರಿಯ ಹೀರೋ, ರಕ್ತ ಕುಡಿಯುವವರ ಪೈಕಿಯ ಎಡ್ವರ್ಡ್ ಕೂಡ ಹಾಗೇ. ಅವನು 1901ರಲ್ಲಿ ಹುಟ್ಟಿದವನು. ಹುಡುಗಿಗೆ ಗೊತ್ತಿಲ್ಲದ ಹಾಗೆ ರಾತ್ರಿ ಅವಳ ಕೋಣೆಗೆ ಬಂದು ಅವಳು ಮಲಗಿದ್ದನ್ನು ನೋಡುತ್ತಾ ಕೂರುತ್ತಾನೆ. ರಕ್ತ ಕುಡಿಯುತ್ತಾನೆ ಅನ್ನೋದಕ್ಕಿಂತ ಇದೇ ನನಗೆ ಜಾಸ್ತಿ ದಿಗಿಲು. ಹೇಳದೆ ಕೇಳದೆ ಮನೆಗೆ ನುಗ್ಗಿದ್ದಾನೆ. ಆ ಹುಡುಗಿಯ ಅಪ್ಪ ಬೇರೆ ಪೊಲೀಸು!

ಹೀಗೆ ಓದುವುದನ್ನು ನಾನು ಕಲಿತದ್ದು ಇಂಗ್ಲಿಷ್ ಪುಸ್ತಕದಿಂದಲ್ಲ, ನಮ್ಮಜ್ಜಿಯಿಂದ. ಮೇಲುಕೋಟೆಯ ಬೀಬಿ ನಾಚ್ಚಿಯಾರ್ ಕಥೆ ಈ ಕಡೆಯವರಿಗೆಲ್ಲ ಗೊತ್ತು. ಚೆಲುವನಾರಾಯಣನ ಉತ್ಸವಮೂರ್ತಿ ದಿಲ್ಲಿ ಸುಲ್ತಾನನ ಅರಮನೆ ಸೇರಿರುತ್ತದೆ. ಸುಲ್ತಾನನ ಮಗಳು ಅದನ್ನು ಬೊಂಬೆಯ ಹಾಗೆ ಇಟ್ಟುಕೊಂಡು ಮನಸ್ಸು ಕೊಟ್ಟಿರುತ್ತಾಳೆ. ರಾಮಾನುಜಾಚಾರ್ಯರು ಹೋಗಿ ಚೆಲ್ವಪಿಳ್ಳೆ ಬಾ ಅಂತ ಕರೆದಾಗ ಮೂರ್ತಿ ತಾನಾಗಿ ಬಂದು ಅವರ ತೊಡೆ ಏರುತ್ತದೆ. ಅವರು ತಗೊಂಡು ಹೊರಡುತ್ತಾರೆ. ಅವಳಿಗೆ ತಡೆಯಲ್ಲ, ಹಿಂದೆಯೇ ಮೇಲುಕೋಟೆ ತನಕ ಬಂದು ಅಲ್ಲೇ ಅವನಲ್ಲಿ ಐಕ್ಯವಾಗುತ್ತಾಳೆ. ಅವನ ಪಾದದ ಹತ್ತಿರ ಅವಳಿಗೂ ಜಾಗ ಇದೆ, ಪೂಜೆ ಇದೆ. ಈ ಕಥೆ ಹೇಳುವಾಗ ಅಜ್ಜಿಗೆ ಮೂರ್ತಿ ನಡೆದು ಬಂದದ್ದರಲ್ಲಿ ಯಾವ ತಕರಾರೂ ಇರಲಿಲ್ಲ. ತಕರಾರು ಆಮೇಲೆ. "ದಿಲ್ಲಿಯಿಂದ ಇಲ್ಲಿ ಗಂಟ ಹೆಣ್ಣುಮಗು ಬಂತಲ್ಲ, ದಾರೀಲಿ ಅನ್ನ ಯಾರಿಕ್ಕಿದ್ರು? ಅವರವ್ವ ಏನ್ಮಾಡ್ತಿದ್ಲು? ಅದನ್ಯಾರೂ ಹೇಳಲ್ಲ ನೋಡು."

ಅಜ್ಜಿ ಮೇಲುಕೋಟೆಯ ವೈರಮುಡಿ ಉತ್ಸವಕ್ಕೂ ತಪ್ಪದೆ ಹೋಗುತ್ತಿದ್ದರು. ಗರುಡ ತಂದುಕೊಟ್ಟ ಕಿರೀಟ ಅಂತ ಪ್ರತೀತಿ. ಈಗ ಅದು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಲ್ಲಿ ಮೇಲುಕೋಟೆಗೆ ಹೋಗುತ್ತದೆ. ರೆಕ್ಕೆಯವನು ತಂದದ್ದು ಅನ್ನೋದೂ, ಪೊಲೀಸರು ಕಾಯ್ತಾರೆ ಅನ್ನೋದೂ ಅವರ ತಲೆಯಲ್ಲಿ ಜಗಳವಾಡದೆ ಇದ್ದವು.

ದೇವದೂತರ ಹಳೇ ಕಥೆಗೂ ಅಜ್ಜಿಯ ತಕರಾರು ಸರಿಯಾಗಿ ಹೊಂದುತ್ತದೆ. ಈ ಕಾದಂಬರಿಗಳಿಗೆಲ್ಲ ತವರುಮನೆ 'ಹನೋಕನ ಪುಸ್ತಕ' ಅನ್ನುವ ಪುರಾತನ ಯೆಹೂದಿ ಗ್ರಂಥ. ಪೂರ್ತಿಯಾಗಿ ಉಳಿದದ್ದು ಇಥಿಯೋಪಿಯಾದ ಗೀಝ್ ಭಾಷೆಯಲ್ಲಿ ಮಾತ್ರ. ಅದರಲ್ಲಿ 200 ದೇವದೂತರು ಭೂಮಿಯ ಹೆಣ್ಣುಮಕ್ಕಳನ್ನು ನೋಡಿ ಆಸೆಪಟ್ಟು ಹೆರ್ಮೋನ್ ಬೆಟ್ಟಕ್ಕೆ ಇಳಿಯುತ್ತಾರೆ. ಕೊನೇ ಗಳಿಗೆಯಲ್ಲಿ ಯಾರೂ ಹಿಂದೆ ಸರಿಯಬಾರದು ಅಂತ ಒಟ್ಟಿಗೆ ಆಣೆ ಮಾಡಿರುತ್ತಾರೆ. ಹುಟ್ಟುವ ಮಕ್ಕಳು ರಾಕ್ಷಸ ಗಾತ್ರದವರು, ಊರಿನ ಬೆಳೆಯೆಲ್ಲ ತಿಂದು ಮುಗಿಸಿ ಆಮೇಲೆ ಜನರನ್ನೇ ತಿನ್ನುತ್ತಾರೆ. ಇಳಿದವರ ಹೆಸರಿದೆ, ಯಾರು ಯಾವ ವಿದ್ಯೆ ಕಲಿಸಿದ ಅಂತಿದೆ. ಕತ್ತಿ ಮಾಡುವುದು, ಕಣ್ಣಿಗೆ ಕಪ್ಪು ಹಚ್ಚುವುದು ಅಜಾಜೇಲ ಕಲಿಸಿದ್ದಂತೆ. ಆ ಹೆಣ್ಣುಮಕ್ಕಳು ಏನಂದರು ಅನ್ನೋದು ಮಾತ್ರ ಇಲ್ಲ. ಒಪ್ಪಿದರೋ, ಹೆದರಿದರೋ, ಹೆರಿಗೆ ಹೇಗಾಯಿತೋ. ಈಗಿನ ಕಾದಂಬರಿಗಳು ಎಷ್ಟೇ ಹುಚ್ಚಾಟ ಆಡಲಿ, ಕಥೆಯನ್ನು ಸಾಮಾನ್ಯವಾಗಿ ಆ ಹುಡುಗಿಯ ಬಾಯಲ್ಲಿ ಇಲ್ಲವೇ ಅವಳ ಕಣ್ಣಿಂದ ಹೇಳಿಸುತ್ತವೆ. ನಾನು ಓದುವುದು ಅದಕ್ಕೆ. ಅವಳ ಮಾತು ಸುಳ್ಳು ಅನ್ನಿಸಿದರೆ ಸಿಟ್ಟು ಬರುವುದೂ ಅದಕ್ಕೇ.

ಈ ಥರ ಮಾತಾಡೋಕೆ ನನಗೆ ಒಬ್ಬಳೇ ಒಬ್ಬಳು ಗೆಳತಿ ಇದ್ದಾಳೆ. ಮಂಡ್ಯದಲ್ಲಿ ನರ್ಸು, ಸಂಜೆ ಅದೇ ರೈಲು. ಪುಸ್ತಕ ಅದಲುಬದಲು ಮಾಡಿಕೊಳ್ಳುತ್ತೇವೆ. ಅವಳು ನಂಬ್ತೀಯಾ ಅಂತ ಯಾವತ್ತೂ ಕೇಳಿಲ್ಲ. ನಮಗೆ ಜಗಳ ಬರುವುದು ಕೊನೆ ಭಾಗದ ಬಗ್ಗೆ. ಎಷ್ಟೋ ಸರಣಿಗಳಲ್ಲಿ ಕೊನೆಗೆ ಅವನು ಅವಳಿಗಾಗಿ ರೆಕ್ಕೆ ಬಿಟ್ಟುಕೊಟ್ಟು ಮನುಷ್ಯನಾಗುತ್ತಾನೆ. ಗೆಳತಿ ಅಲ್ಲಿ ಅಳುತ್ತಾಳೆ. ನನಗೆ ಅಲ್ಲೇ ರೇಗುತ್ತದೆ. ಅಷ್ಟು ದಪ್ಪದ ಪುಸ್ತಕಗಳಲ್ಲಿ ಹಾರಿದವನು ಕೊನೆಗೆ ಸುಮ್ನೆ ಮನೆಯಲ್ಲಿ ಕೂರಬೇಕಾ?

ಮೊನ್ನೆ ಪಾಂಡವಪುರದ ಹತ್ತಿರ ಜಗಳ ಜೋರಾಯಿತು. "ಪ್ರೀತಿ ಅಂದ್ರೆ ಅದೇ ಕಣೇ, ಬಿಟ್ಟುಕೊಡೋದು" ಅಂದಳು.

"ಮದುವೆ ಆಯ್ತು, ಇನ್ನು ನರ್ಸ್ ಕೆಲಸ ಬಿಡು ಅಂದಿದ್ರೆ ಬಿಡ್ತಿದ್ಯಾ?"

"ಅವನಿಗೆ ಯಾರೂ ಬಿಡು ಅನ್ಲಿಲ್ಲ. ತಾನಾಗಿ ಬಿಟ್ಟ."

"ನಮ್ಮಕ್ಕನೂ ಕೆಲಸ ತಾನಾಗೇ ಬಿಟ್ಲು ಅಂತಾರೆ ಮನೇಲಿ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬ್ಯಾಗಿಂದ ಪುಸ್ತಕ ತೆಗೆದು, ಅವನು ರೆಕ್ಕೆ ಬಿಡುವ ಪುಟ ಹುಡುಕಿ, ಅಲ್ಲಿ ಅವನು ಏನಂತಾನೆ ಅಂತ ಮೊದಲಿಂದ ಓದೋಕೆ ಶುರುಮಾಡಿದಳು.