ಹೂಳೆತ್ತುವ ಭಾನುವಾರ

ಜಪಾನಿನಲ್ಲಿ ಗದ್ದೆ ಮಾಡ್ತೀನಿ ಅಂದಾಗ ತೀರ್ಥಹಳ್ಳಿಯಲ್ಲಿದ್ದ ಅಪ್ಪ ಕೇಳಿದ್ದು ಒಂದೇ: "ನೀರು ಎಲ್ಲಿಂದ ಬರುತ್ತೋ?"

ಜಮೀನಿನದ್ದು ಬರೀ ಕಾಗದದ ಕೆಲಸ. ಕೊಳ್ಳಲಿ, ಗೇಣಿಗೆ ಹಿಡಿಯಲಿ, ಸ್ಥಳೀಯ ಕೃಷಿ ಸಮಿತಿಯ ಒಪ್ಪಿಗೆ ಬೇಕು. ಮೊದಲೆಲ್ಲ ಸಾಮಾನ್ಯವಾಗಿ 50 ಆರ್, ಅಂದರೆ ಸುಮಾರು ಒಂದೂಕಾಲು ಎಕರೆ ಮಾಡದವರಿಗೆ ಒಪ್ಪಿಗೆ ಸಿಗುತ್ತಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಆ ಮಿತಿ ಹೋಯಿತು, ನನ್ನಂಥವನಿಗೆ ದಾರಿಯಾಯಿತು. ಹಿಡಿದದ್ದು ಎರಡು ತಾನ್. ಒಂದು ತಾನ್ ಹೆಚ್ಚುಕಡಿಮೆ ನಮ್ಮ ಹತ್ತು ಗುಂಟೆ.

ನೀರಿನ ಕಥೆಯೇ ಬೇರೆ. ನಾನಿರುವುದು ನಾಗಾನೊ ಪ್ರಾಂತ್ಯದ ಅಜುಮಿನೊ ಬಯಲಿನಲ್ಲಿ. ಬೆಟ್ಟದಿಂದ ಇಳಿಯುವ ಹೊಳೆಗಳ ನೀರು ಇಲ್ಲಿ ಜಲ್ಲಿಕಲ್ಲಿನ ನೆಲದೊಳಗೆ ಇಂಗಿ ಹೋಗುತ್ತದೆ. ಅದಕ್ಕೇ ಹಳಬರು ಅಡ್ಡಡ್ಡ ಕಾಲುವೆ ತೋಡಿದರು. 1816ರಲ್ಲಿ ತೋಡಿದ ಜಿಕ್ಕಸೆಗಿ ಕಾಲುವೆಯೇ ಸುಮಾರು 15 ಕಿ.ಮೀ. ಉದ್ದ ಇದೆ. ನಮ್ಮ ಪಾಲಿನದು ಒಂದು ಪುಟ್ಟ ಕವಲು, ಅಷ್ಟೆ.

ನೀರು ಬಿಡುವ ಮುಂಚೆ, ಏಪ್ರಿಲ್‌ನ ಒಂದು ಭಾನುವಾರ, ಮನೆಗೊಬ್ಬರು ಬಂದು ಹೂಳೆತ್ತಬೇಕು. ಬಾರದವರು ದುಡ್ಡು ಕಟ್ಟಬೇಕು. ಆದರೆ ದುಡ್ಡು ಕಟ್ಟಿ ಮನೆಯಲ್ಲೇ ಕೂತವನ ಜೊತೆ ಆಮೇಲೆ ನೀರಿನ ಮಾತು ಯಾರು ಆಡುತ್ತಾರೆ?

ನನ್ನ ಕೈಗೆ ಕೊಟ್ಟದ್ದು ಉದ್ದ ಹಿಡಿಯ, ಬಾಯಗಲದ, ಮೈತುಂಬ ತೂತಿನ ಗುದ್ದಲಿ. ಎಳೆದರೆ ನೀರು ತೂತಿನಿಂದ ಸೋರಿ ಹೂಳು ಮಾತ್ರ ಉಳಿಯುತ್ತದೆ. ಇಂಥದ್ದೊಂದು ನಮ್ಮೂರಲ್ಲಿ ಇದ್ದಿದ್ದರೆ ಎಷ್ಟು ಬೆನ್ನು ಉಳಿಯುತ್ತಿತ್ತು! ನೀರಿಗೆ ಕಾಲಿಟ್ಟರೆ ಬೂಟಿನೊಳಗೂ ಚಳಿ. ಕರಗಿದ ಹಿಮ ಅಲ್ವಾ.

ಪಕ್ಕದ ಗದ್ದೆಯ ಅಜ್ಜ ನನ್ನನ್ನು ತೂಬಿನ ಹತ್ತಿರ ಕರೆದೊಯ್ದರು. ಎಂಬತ್ತು ದಾಟಿದವರು. ತೂಬಿನ ಸೀಳಿನಿಂದ ಒಂದು ಹಲಗೆ ಎತ್ತಿ, ಮತ್ತೆ ಇಳಿಸಿ ತೋರಿಸಿದರು. "ಹಗಲು ನೀರು ಬಿಡಬೇಡ. ಪೈರಿಗೆ ಥಂಡಿ ಹೊಡೆಯುತ್ತೆ. ಬೆಳಗಿನ ಜಾವ ಬಿಡು, ಬಿಸಿಲೇರುವ ಮುಂಚೆ ಕಟ್ಟು. ನಿಂತ ನೀರನ್ನು ಬಿಸಿಲು ಕಾಯಿಸಲಿ." ಮಲೆನಾಡಿನಲ್ಲಿ ಬೆಳೆದ ನನಗೆ ಜಾಸ್ತಿಯಾದ ನೀರನ್ನು ಗದ್ದೆಯಿಂದ ಹೊರಗೆ ಹಾಕೋದು ಗೊತ್ತು. ನೀರು ಬೆಚ್ಚಗಾಗಲಿ ಅಂತ ಕಾಯೋದು ಹೊಸದು. "ಹಲಗೆ ಮುಟ್ಟುವಾಗ ಕೆಳಗಿನ ಗದ್ದೆಯವರಿಗೊಂದು ಮಾತು ಹೇಳು," ಅಂತಲೂ ಸೇರಿಸಿದರು. ಇದು ಮಾತ್ರ ಯಾವ ದೇಶಕ್ಕೆ ಹೋದರೂ ಬದಲಾಗದ ಜಗಳ.

ಕೆಲಸ ಮುಗಿದ ಮೇಲೆ ಕಾಲುವೆ ದಂಡೆಯಲ್ಲಿ ಕೂತು ಎಲ್ಲರೂ ಡಬ್ಬಿ ಚಹಾ ಕುಡಿದೆವು. ಹಾಜರಿ ಪಟ್ಟಿಯಲ್ಲಿ ಗದ್ದೆಯ ಯಜಮಾನರ ಹೆಸರಿನ ಕೆಳಗೆ ನನ್ನ ಹೆಸರು ಬರೆದರು. ಬಿರುಗಾಳಿ ಮಳೆಯ ರಾತ್ರಿ ತೂಬು ನೋಡಿಕೊಳ್ಳುವವರು ಯಾರು ಅಂತ ಮುಖಂಡರು ಕೇಳಿದರು. ಜಪಾನಿನಲ್ಲಿ ಕೃಷಿಯೇ ಮುಖ್ಯ ಕಸುಬಾದ ರೈತರ ಸರಾಸರಿ ವಯಸ್ಸು 70ರ ಹತ್ತಿರ ಬಂದಿದೆ. ಅಲ್ಲಿ ಕೂತವರಲ್ಲಿ ಐವತ್ತು ದಾಟದವನು ನಾನೊಬ್ಬನೇ. ಕೆಲಸ ಯಾರ ತಲೆಗೆ ಬಂತು ಅಂತ ಬೇರೆ ಹೇಳಬೇಕಾ?