ಡ್ಯೂವಾಗ್ ಜಿಟಿ6 ಟ್ರ್ಯಾಮ್ ಮಾಡೆಲ್: ನಡುವಿನ ಕೀಲಿನ ಕೆಲಸ

ಜೂನ್ 7

ಹೊರಮೈ ಪ್ರಿಂಟ್ ಆಯಿತು. 1:87 ಅಳತೆ, ಎರಡು ತುಂಡು, ಕೆಳಗೆ ಮೂರು ಬೋಗಿ. ನಾವು ರೈಲಿನ ಡಬ್ಬಿಗೇ ಬೋಗಿ ಎನ್ನುತ್ತೇವೆ, ಅಲ್ವಾ? ಇಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ತಿರುಗುವ ನಾಲ್ಕು ಚಕ್ರದ ಚೌಕಟ್ಟು. ಗೊಂದಲ ಬೇಡವೆಂದು ಮುಂದೆ ಚೌಕಟ್ಟು ಎಂದೇ ಬರೆಯುತ್ತೇನೆ.

ಜರ್ಮನಿಯ ಡ್ಯೂವಾಗ್ ಕಂಪನಿ 1956ರಿಂದ ಈ ಟ್ರ್ಯಾಮ್ ಕಟ್ಟಿತು. ಅದಕ್ಕೂ ಮುಂಚೆ ಜನ ಜಾಸ್ತಿಯಾದರೆ ಹಿಂದೆ ಇನ್ನೊಂದು ಡಬ್ಬಿ ಸಿಕ್ಕಿಸುತ್ತಿದ್ದರು. ಅದಕ್ಕೆ ಬೇರೆ ಕಂಡಕ್ಟರ್ ಬೇಕು. ಒಂದರಿಂದ ಇನ್ನೊಂದಕ್ಕೆ ಒಳಗಿಂದಲೇ ಹೋಗಲೂ ಆಗದು. ಜಿಟಿ6ರಲ್ಲಿ ಎರಡೂ ಭಾಗಗಳು ನಡುವೆ ಒಂದೇ ಚೌಕಟ್ಟಿನ ಮೇಲೆ ಬಂದು ಕೂರುತ್ತವೆ. ನಾಲ್ಕು ಬೇಕಾದಲ್ಲಿ ಮೂರೇ ಸಾಕು. ಹೀಗೆ ಹಂಚಿಕೊಳ್ಳುವ ಚೌಕಟ್ಟಿಗೆ ವಿಲ್ಹೆಲ್ಮ್ ಯಾಕೋಬ್ಸ್ ಎಂಬ ಎಂಜಿನಿಯರ್ ಹೆಸರು ನಿಂತಿದೆ. ಮೋಟಾರುಗಳು ಎರಡು ತುದಿಯ ಚೌಕಟ್ಟುಗಳಲ್ಲಿ. ನಡುವಿನದು ಬರೀ ಭಾರ ಹೊರುತ್ತದೆ.

ಜೂನ್ 14

ನಡುವಿನ ಚೌಕಟ್ಟನ್ನು ಹಿಂದಿನ ತುಂಡಿಗೆ ಸ್ಕ್ರೂ ಹಾಕಿ ಬಿಗಿದಿದ್ದೆ. ಮುಂದಿನ ತುಂಡು ಮಾತ್ರ ಅದರ ಮೇಲೆ ತಿರುಗುತ್ತಿತ್ತು. ನೇರ ಹಳಿಯಲ್ಲಿ ಚೆನ್ನಾಗಿ ಓಡಿತು. ತಿರುವಿಗೆ ಬಂದ ಕೂಡಲೇ ಹಳಿ ತಪ್ಪಿತು.

ಕಾಗದ ತೆಗೆದುಕೊಂಡು ಕೂತೆ. ಊರಿನ ಬೀದಿಯಲ್ಲಿ ಟ್ರ್ಯಾಮ್ 18 ಮೀಟರ್ ತ್ರಿಜ್ಯದ ತಿರುವು ದಾಟಬೇಕಾಗುತ್ತದೆ. ನನ್ನ ಅಳತೆಯಲ್ಲಿ ಅದು 207 ಮಿ.ಮೀ. ಒಂದು ಚೌಕಟ್ಟಿನ ನಡುಮಧ್ಯದಿಂದ ಮುಂದಿನದಕ್ಕೆ 69 ಮಿ.ಮೀ. ಈ ಲೆಕ್ಕದಲ್ಲಿ ಕೀಲಿನ ಹತ್ತಿರ ಒಂದೊಂದು ತುಂಡೂ ಹಳಿಗೆ 9.6 ಡಿಗ್ರಿ ಓರೆಯಾಗುತ್ತದೆ. ಎರಡೂ ಸೇರಿ ಕೀಲು 19 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಮಡಚಬೇಕು. ಚೌಕಟ್ಟು ಎರಡಕ್ಕೂ ಸರಿಯಾಗಿ ನಡುವೆ ನಿಲ್ಲಬೇಕು. ನಾನು ಅದನ್ನು ಒಂದು ಕಡೆಗೆ ಕಟ್ಟಿಹಾಕಿದ್ದೆ.

ಜೂನ್ 28

ಸರಿ, ನಡುವೆ ತಾನೇ ನಿಲ್ಲಬೇಕು? ಎರಡು ಹಿತ್ತಾಳೆ ತಂತಿ ಬಗ್ಗಿಸಿ ಸನ್ನೆ (ಲಿವರ್) ಮಾಡಿದೆ. ಕೀಲು ಎಷ್ಟು ಮಡಚಿದರೂ ಚೌಕಟ್ಟು ಅದರ ಅರ್ಧಕ್ಕೆ ತಿರುಗುತ್ತದೆ. ಎರಡು ವಾರದ ಕೆಲಸ, ಕೈಗೆ ತುಂಬಾ ಹಿಡಿಸಿತ್ತು. ತಿರುವಿನ ಒಳಗಿಟ್ಟು ಬಿಟ್ಟರೆ ಸಲೀಸಾಗಿ ಹೋಗುತ್ತದೆ. ನೇರ ಹಳಿಯಿಂದ ತಿರುವಿಗೆ ಹೊಕ್ಕರೆ ಪ್ರತಿ ಸಲವೂ ಇಳಿಯುತ್ತದೆ.

ಕಾರಣ ಹೊಳೆಯಲು ಮೂರು ಸಂಜೆ ಹಿಡಿಯಿತು. ಮುಂದಿನ ಚೌಕಟ್ಟು ತಿರುವಿನಲ್ಲಿದೆ, ನಡುವಿನದು ಇನ್ನೂ ತಿರುವಿನ ಬಾಯಲ್ಲಿದೆ ಎಂದುಕೊಳ್ಳಿ. ಆಗ ಮುಂದಿನ ತುಂಡು 9.6 ಡಿಗ್ರಿ ಓರೆ, ಹಿಂದಿನದು ನೆಟ್ಟಗೆ. ನಡುವಿನ ಚಕ್ರಗಳ ಕೆಳಗೆ ಹಳಿಯೂ ನೆಟ್ಟಗೆ. ನನ್ನ ಸನ್ನೆ ಮಾತ್ರ ಚೌಕಟ್ಟನ್ನು 4.8 ಡಿಗ್ರಿ ತಿರುಗಿಸುತ್ತದೆ. ಅದರ ಎರಡು ಅಚ್ಚುಗಳ ನಡುವೆ 20.7 ಮಿ.ಮೀ. ಇದೆ. ಅಂದರೆ ಒಂದೊಂದು ಅಚ್ಚು ಪಕ್ಕಕ್ಕೆ ಸುಮಾರು 0.9 ಮಿ.ಮೀ. ಸರಿಯುತ್ತದೆ. ನನ್ನ ಚಕ್ರಕ್ಕೂ ಹಳಿಗೂ ನಡುವೆ ಅಷ್ಟು ಸಡಿಲ ಇಲ್ಲ.

ದಾರಿ ಹೇಳಬೇಕಾದ್ದು ಹಳಿ. ಡಬ್ಬಿ ಅಲ್ಲ.

ಜುಲೈ 5

ಸನ್ನೆ ಕಿತ್ತೆ. ಚೌಕಟ್ಟಿನ ನಡುವೆ ಒಂದು ಬಟ್ಟಲು, ಅದರೊಳಗೆ ಹಿಂದಿನ ತುಂಡಿನ ಉಂಗುರ, ಅದರ ಮೇಲೆ ಮುಂದಿನ ತುಂಡಿನ ಉಂಗುರ. ಯಾವುದೂ ಬಿಗಿ ಇಲ್ಲ. ಉಂಗುರದ ಅಂಚನ್ನು ಉಜ್ಜಿ ದುಂಡಗೆ ಮಾಡಿದೆ. ಹಳಿ ಏರಿಳಿದರೆ ತುಂಡುಗಳು ತಲೆಯಾಡಿಸಲೂ ಜಾಗ ಬೇಕಲ್ಲ.

ಆದರೂ ನಡುವಿನ ಚಕ್ರ ಆಗಾಗ ಏಳುತ್ತಿತ್ತು. ತಪ್ಪು, ಎರಡು ತುಂಡುಗಳ ನಡುವಿನ ಸಂದು ಮುಚ್ಚುವ ಮಡಿಕೆ ಪರದೆಯದು. ಕಪ್ಪು ಕಾಗದ ಮಡಚಿ ಮಾಡಿದ್ದೆ. ಅದು ಸ್ಪ್ರಿಂಗಿನ ಹಾಗೆ ಕೀಲನ್ನು ನೇರ ಮಾಡಲು ತಳ್ಳುತ್ತಿತ್ತು. ಹಳೆ ಕೊಡೆಯ ಬಟ್ಟೆ ಹಾಕಿದ ಮೇಲೆ ನಿಂತಿತು. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ತುದಿಯ ಚೌಕಟ್ಟುಗಳ ಮೇಲೇ ಇಟ್ಟೆ. ಎಳೆಯುವ ಚಕ್ರಕ್ಕೆ ಹಿಡಿತ ಬೇಕು.

ಇವತ್ತು ನಲವತ್ತು ಸುತ್ತು ಓಡಿತು. ಒಂದು ಸಲವೂ ಇಳಿಯಲಿಲ್ಲ. ಆ ಸಣ್ಣ ಚೌಕಟ್ಟು ತಿರುವಿನ ಬಾಯಲ್ಲಿ ಮೊದಲು ನೆಟ್ಟಗಿದ್ದು, ಆಮೇಲೆ ಮೆಲ್ಲಗೆ ಹೊರಳುವುದನ್ನು ನೋಡುತ್ತಾ ನೆಲದ ಮೇಲೇ ಮಲಗಿಬಿಟ್ಟಿದ್ದೆ.

ಮುಂದೆ ಕಟ್ಟಬೇಕೆಂದಿರುವುದು ಬಾಸ್ಟನ್ನಿನ 1912ರ ಟ್ರ್ಯಾಮ್. ಹಳೆಯ ಎರಡು ಗಿಡ್ಡ ಡಬ್ಬಿಗಳ ನಡುವೆ ಬಾಗಿಲಿರುವ ಸಣ್ಣ ಭಾಗವೊಂದನ್ನು ತೂಗುಹಾಕಿದ್ದರು. ಅದಕ್ಕೆ ಚಕ್ರವೇ ಇಲ್ಲ. ಅಲ್ಲಿನ ಜನ ಅದನ್ನು "ಎರಡು ಕೋಣೆ, ಒಂದು ಬಚ್ಚಲು" ಎಂದು ಕರೆದರು. ಇವತ್ತಿನ ಎಷ್ಟೋ ತಗ್ಗು ನೆಲದ ಟ್ರ್ಯಾಮ್‌ಗಳಲ್ಲೂ ಉದ್ದ ಭಾಗಗಳು ಚಕ್ರವಿಲ್ಲದೆ ಹೀಗೇ ತೂಗುತ್ತವೆ. ಅಲ್ಲಿ ಕೀಲು ಒಂದಲ್ಲ, ಎರಡು.

ಅದಕ್ಕೂ ಮೊದಲು ಇದನ್ನೇ ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗುವ ಹಳಿಯ ಮೇಲೆ ಓಡಿಸಬೇಕು. ಹಳಿ ತುಂಡುಗಳು ಮೇಜಿನ ಮೇಲಿವೆ, ಮೊಳೆ ಹೊಡೆಯುವುದು ಬಾಕಿ.