ಗಾಜಿಗೆ ಪೂರ್ತಿ, ಬಂಪರಿಗೆ ಅರ್ಧ

ಕೊಡಗಿನ ಕಕ್ಕಡ ತಿಂಗಳ ಮಳೆಗೆ ಸಿಲ್ವರ್ ಓಕ್ ಕೊಂಬೆ ಮುರಿದು ಕಾರಿನ ಮೇಲೆ ಬಿತ್ತು. ಮುಂದಿನ ಗಾಜು ಪುಡಿಪುಡಿ, ಬಂಪರ್ ಎರಡು ಹೋಳು. ಸೀಟಿನ ತುಂಬಾ ಗಾಜಿನ ಚೂರು, ನಡುವೆ ಹಾಯಾಗಿ ಒಂದು ಜಿಗಣೆ!

ಕೊಂಬೆ ಎಳೆಯುವ ಮೊದಲೇ ಫೋಟೋ ತೆಗೆದಿದ್ದು ಒಳ್ಳೆಯದಾಯಿತು. ನಷ್ಟ ನೋಡಲು ಮಡಿಕೇರಿಯಿಂದ ವಿಮೆಯ ಸರ್ವೇಯರ್ ಬರಲು ಮೂರು ದಿನ. ಅಲ್ಲಿವರೆಗೆ ಕಾರು ಟಾರ್ಪಾಲು ಹೊದ್ದು ಮಲಗಿತ್ತು. ವಿಮೆ ಹಣದಲ್ಲಿ ಗಾಜಿಗೆ ಸವಕಳಿ ಕಡಿತವಿಲ್ಲ, ಪ್ಲಾಸ್ಟಿಕ್ ಬಂಪರಿಗೆ 50%. ಮೇಲೆ ನಾವೇ ಕಟ್ಟಬೇಕಾದ 1,000 ರೂಪಾಯಿ ಬೇರೆ. ಈ ಸವಕಳಿ ಕಡಿತ ತಪ್ಪಿಸುವ ಜೀರೋ ಡೆಪ್ ಸುಮ್ನೆ ದಂಡ ಅಂತ ಈ ಸಲ ಬಿಟ್ಟಿದ್ದು ನಾನೇ ಅಲ್ವಾ, ಯಾರನ್ನು ಬೈಯುವುದು? ಮೂರು ವರ್ಷ ಕಾಪಾಡಿಕೊಂಡಿದ್ದ 35% ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಯಿತು.

ಮರಗಸಿ ಮಾಡಿಸು, ಕೊಂಬೆ ಕಡಿಸು ಅಂತ ಅಪ್ಪ ಬೇಸಿಗೆಯಲ್ಲೇ ಹೇಳಿದ್ದರು. ಈಗ ಏನೂ ಹೇಳುತ್ತಿಲ್ಲ. ಆ ಕೊಂಬೆಯನ್ನೇ ಸೌದೆಗೆ ಸೀಳುತ್ತಿದ್ದಾರೆ.